ಬೆನ್ನಿನ ನೀಲಿ ಕಿಂಡಿ

ಇಸವಿ ೨೨೮೭, ಎರಡನೇ ಬೇಸಿಗೆಯ ನಲವತ್ತೊಂದನೇ ತಾರೀಖು. ಕೊಪ್ಪಳದ ದನಿಮನೆಯಿಂದ.

ಡೆಸ್ಕ್‌ಟಾಪ್ ಕಂಪ್ಯೂಟರಿನ ಕಾಲದ ಹಿರಿಯರಿಗೆ ರೇವವ್ವನ ನಮಸ್ಕಾರ. ನಿಮ್ಮ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ದನಿಮನೆ ಎಂದರೆ ಊರಿನಲ್ಲಿ ತೀರಿಕೊಂಡವರ ಮಾತುಗಳನ್ನು ಇಟ್ಟಿರುವ ಮನೆ. ಫೋಟೋ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಹೋಗಿದೆ, ದನಿಯೊಂದೇ ಉಳಿದಿದೆ. ಅವೆಲ್ಲ ಇದ್ದದ್ದು ನಿಮ್ಮ ಕಾಲದ ಒಂದು ಡೆಸ್ಕ್‌ಟಾಪಿನಲ್ಲಿ. ಹೊಸದನ್ನು ಮಾಡಬಲ್ಲವರು ಈಗ ಯಾರೂ ಇಲ್ಲ. ಬೆಳಿಗ್ಗೆ ಬಿಸಿಲುಕರೆಂಟು ಬರುತ್ತದೆ, ಮೋಡ ಕವಿದರೆ ಹೋಗುತ್ತದೆ. ನಾನು ಕಸ ಗುಡಿಸಿ, ಯಂತ್ರದ ಮುಖಕ್ಕೆ ಅರಿಶಿನ ಕುಂಕುಮ ಹಚ್ಚಿ, ಗುಂಡಿ ಒತ್ತುತ್ತೇನೆ. ಆಯುಧಪೂಜೆಗೆ ನೀವು ಮಾಡುತ್ತಿದ್ದುದನ್ನು ನಾವು ದಿನಾ ಮಾಡುತ್ತೇವೆ. ಜನ ಬಂದು ಚಾಪೆಯ ಮೇಲೆ ಕೂತು, ತಮ್ಮವರ ಮಾತು ಕೇಳಿ, ಜೋಳದ ಹಿಟ್ಟು ಕೊಟ್ಟು ಹೋಗುತ್ತಾರೆ. ನನ್ನ ಮಗಳು ತುಂಗವ್ವ ಹೋದ ಸುಗ್ಗಿಯಲ್ಲಿ ಜ್ವರದಿಂದ ತೀರಿಕೊಂಡಳು. ಅವಳ ದನಿಯೂ ಅದರಲ್ಲೇ ಇತ್ತು.

ಈ ಬೇಸಿಗೆಯಲ್ಲಿ ಯಂತ್ರದೊಳಗಿನ ಡಿಸ್ಕು ಕಟಕಟ ಅನ್ನತೊಡಗಿತು. ಎಲ್ಲ ದನಿಗಳನ್ನೂ ಕಾಪುಪೆಟ್ಟಿಗೆಗೆ ಇಳಿಸಬೇಕಾಯಿತು. ಅದು ನಿಮ್ಮ ಯುಎಸ್‌ಬಿ ಡಿಸ್ಕಿನ ಮೊಮ್ಮಗು ಅನ್ನಿ. ಇಳಿಸುವುದಕ್ಕೂ ಒಂದು ಕಟ್ಟಳೆಯಿದೆ: ಮೊದಲು ಸತ್ತವರು ಮೊದಲು. ತುಂಗವ್ವ ಕೊನೆಯವಳು. ಅವಳನ್ನು ಮುಂದೆ ತರಬಹುದಿತ್ತು, ಕಟ್ಟಳೆ ಮುರಿಯಲು ನನಗೆ ಮನಸ್ಸು ಬರಲಿಲ್ಲ. ಯಂತ್ರದ ಮುಂಭಾಗದ ಕಿಂಡಿಗೆ ಪೆಟ್ಟಿಗೆಯ ವಯರು ಚುಚ್ಚಿದೆ. ಅಯ್ಯೋ, ಅದರ ನಿಧಾನವೇ! ಒಬ್ಬ ಅಜ್ಜನ ಮಾತು ಇಳಿಯುವಷ್ಟರಲ್ಲಿ ರೊಟ್ಟಿ ಬಡಿದು ಊಟ ಮುಗಿಸಬಹುದಿತ್ತು. ವಯರು ಬದಲಾಯಿಸಿದೆ. ಯಂತ್ರ ಆರಿಸಿ ಮತ್ತೆ ಶುರು ಮಾಡಿದೆ. ಚಿಲ್ಲರೆ ಕಡತಗಳನ್ನೆಲ್ಲ ಒಂದೇ ಗಂಟು ಕಟ್ಟಿ ಕಳಿಸಿದೆ, ಚುರುಕಾಯಿತು, ಸ್ವಲ್ಪವೇ.

ಹಿಂದುಗಡೆ ಬೇರೆ ಕಿಂಡಿ ಇದೆಯೇ ನೋಡೋಣವೆಂದರೆ, ಪೂಜೆ ಮಾಡಿದ ಯಂತ್ರವನ್ನು ತಿರುಗಿಸುವುದು ನಮ್ಮಲ್ಲಿ ಅಪಶಕುನ. ಯಾವ ಕಾಲದಲ್ಲೋ ಗೋಡೆಗೆ ಆನಿಸಿಟ್ಟದ್ದು ಹಾಗೇ ಇದೆ. "ಅದರ ಬೆನ್ನು ನೋಡಬಾರ್ದು ತಂಗಿ, ಊರಿಗೆ ಕೇಡು" ಎಂದು ಊರ ಹಿರಿಯಳು ಗವಿಸಿದ್ದಮ್ಮ ಅಡ್ಡ ನಿಂತಳು. ದಿನಗಳು ಕಳೆದು ಕಟಕಟ ಜೋರಾದಾಗ ಆಕೆಯೇ ಬಂದು, "ತಿರುಗಸವ್ವಾ, ಇನ್ನೇನು ಕೇಡಾಗೂದು ಉಳದೈತಿ" ಎಂದಳು. ತಿರುಗಿಸಿದೆ. ಧೂಳಿನಲ್ಲಿ ನೀಲಿ ಬಣ್ಣದ ಕಿಂಡಿಯೊಂದಿತ್ತು. ಅದಕ್ಕೆ ಚುಚ್ಚಿದ್ದೇ ತಡ, ದನಿಗಳು ಹೊಳೆ ನೀರಿನ ಹಾಗೆ ಹರಿದವು. ನಿಧಾನದ್ದನ್ನು ಕೈಗೆಟುಕುವ ಹಾಗೆ ಮುಂದಿಟ್ಟು, ವೇಗದ್ದನ್ನು ಗೋಡೆಯ ಕಡೆಗೆ ಬಚ್ಚಿಟ್ಟ ಪುಣ್ಯಾತ್ಮರೇ, ನಿಮ್ಮ ಬುದ್ಧಿಗೆ ಏನು ಹೇಳಲಿ? ಊರಿನವರೆಲ್ಲ ಇಳಿದರು. ತುಂಗವ್ವನ ಸರದಿ ಬರುವಾಗ ಡಿಸ್ಕು ನಿಂತುಹೋಯಿತು.

ಈಗ ಜನ ಬಂದು ನನಗೆ ಕೈಮುಗಿಯುತ್ತಾರೆ. ನಾನು ಉಣ್ಣುತ್ತೇನೆ, ಗುಡಿಸುತ್ತೇನೆ, ಕಾಪುಪೆಟ್ಟಿಗೆಯಿಂದಲೇ ಅವರವರ ಅಜ್ಜ ಅಜ್ಜಿಯರ ದನಿ ಹಾಕಿ ಕೊಡುತ್ತೇನೆ. ಅಳು ಬರುವುದಿಲ್ಲ. ಗವಿಸಿದ್ದಮ್ಮ ಎದುರಿಗೆ ಬಂದರೆ ಸಿಟ್ಟೂ ಬರುವುದಿಲ್ಲ, ಪಾಪ, ಆಕೆಯೇ ದಾರಿ ಬದಲಿಸಿ ಹೋಗುತ್ತಾಳೆ.

ನಿಮ್ಮಲ್ಲಿ ಒಂದೇ ಕೇಳಿಕೆ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಕಿಂಡಿ ಯಾತಕ್ಕೆ ಎಂಬುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ ಹೋಗಿ. ತುಂಗವ್ವ ನನ್ನನ್ನು ಯವ್ವಾ ಎಂದು ಕರೆಯುತ್ತಿದ್ದಳು. ಬೆಳಿಗ್ಗೆಯಿಂದ ಅದನ್ನು ಅವಳ ಹಾಗೆಯೇ ಹೇಳಲು ನೋಡುತ್ತಿದ್ದೇನೆ. ಬರೀ ನನ್ನ ದನಿಯೇ ಬರುತ್ತಿದೆ.