ಅಕ್ಕನಿಂದ ಹೋದ ಹೆಸರುಗಳು

ಜೂನ್ 4, 2023, ಬನಹಟ್ಟಿ
ಮೆಡಿಕಲ್ ಕಾಲೇಜಿನ ನಮ್ಮ ವಿಭಾಗದಲ್ಲಿ ಮೆದುಳಿನ ಸ್ಲೈಡುಗಳನ್ನು ಅರ್ಧಕ್ಕೇ ಬಿಟ್ಟು ಬಾಗಲಕೋಟೆಯಿಂದ ಬಸ್ಸು ಹತ್ತಿದೆ. ನನ್ನ ಅಕ್ಕ ಸಾವಕ್ಕ ಚಹಾ ಕೊಟ್ಟಳು. ಕಪ್ ಎತ್ತಿ ತೋರಿಸಿದೆ.
"ಇದಕ್ಕೇನಂತಾರಕ್ಕಾ?"
"ಅದ... ಕುಡಿಯೂದು." ನಕ್ಕಳು.
ಲಾಳಿ ಕೈಗಿಟ್ಟೆ. ಆಯುಷ್ಯವೆಲ್ಲ ಮಗ್ಗದ ಮೇಲೆ ಕೂತವಳು. "ಓಡೂದು," ಅಂದಳು.
ನಡಿಗೆ ಸರಿಯಿದೆ. ಅಡುಗೆ ಸರಿಯಿದೆ. ಹೆಸರುಗಳು ಮಾತ್ರ ಒಂದೊಂದಾಗಿ ಹೋಗುತ್ತಿವೆ. ಮೆದುಳಿನ ಯಾವ ಮಡಿಕೆ ಸೊರಗುತ್ತಿದೆ ಎಂದು ಸ್ಕ್ಯಾನ್ ಇಲ್ಲದೆಯೂ ಹೇಳಬಲ್ಲೆ. ಆದರೂ ಸ್ಕ್ಯಾನಿಗೆ ಬರೆದುಕೊಟ್ಟೆ.

ಜೂನ್ 9
ಸ್ಕ್ಯಾನ್ ಬಂತು. ಊಹೆ ಸರಿ. ಊಹೆ ಸರಿಯಾದರೆ ಖುಷಿಪಡುವುದು ಹಳೆಯ ಅಭ್ಯಾಸ — ಒಂದು ಕ್ಷಣ ಖುಷಿಯೂ ಆಯಿತು. ಛೆ.

ಆಗಸ್ಟ್ 20
ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದ್ದು ಅಕ್ಕನ ಮಗ್ಗ. ಮೆಡಿಕಲ್ ಸೇರಿ ಮೊದಲ ರಜೆಗೆ ಬಂದವಳು ಹೇಳಿದ್ದೆ: ಮೆದುಳು ಕೈಯಲ್ಲಿ ಹಿಡಿದೆ. ಎಲ್ಲರೂ ಊಟದ ತಟ್ಟೆ ಸರಿಸಿದರು. ಅಕ್ಕ ಮಾತ್ರ, "ಭಾಳ ಮೆತ್ತಗಿತ್ತೇನ?"
ಹೆಣ ಕೊಯ್ಯುವುದ್ಯಾಕೆ, ಊರಲ್ಲಿ ದವಾಖಾನೆ ಇಡಲಿ ಅಂದವರಿಗೂ ಅವಳದೇ ಉತ್ತರ. "ನಮ್ಮ ನೇತ್ರಾಗ ಅದ ಛಲೋ ಅನಸ್ತೈತಿ. ಬಿಡ್ರೀ."

ಜನವರಿ 15, 2024
ಸಂಕ್ರಾಂತಿ. ಕೇಳಿಯೇಬಿಟ್ಟೆ. ಎಷ್ಟೋ ಮನೆಗಳಲ್ಲಿ ಕೇಳಿದ ಪ್ರಶ್ನೆಯೇ — ತೀರಿಕೊಂಡ ಮೇಲೆ ಮೆದುಳನ್ನು ನಮ್ಮ ವಿಭಾಗಕ್ಕೆ ಕೊಡುತ್ತೀಯಾ? ಅಕ್ಕ "ಹ್ಞೂಂ" ಅಂದಳು. ಅವಳ ಮಗ ನೀಲಕಂಠ ಪವರ್‌ಲೂಮ್ ಬಂದ್ ಮಾಡಿ ಬಂದ.
"ಚಿಗವ್ವಾ, ನೀ ಅವ್ವನ್ನ ನೋಡಾಕ ಬರ್ತೀಯೋ, ಆಕಿ ತಲಿ ನೋಡಾಕೋ?"
"ಎರಡಕ್ಕೂ."
ಎದ್ದು ಹೋದ.
ಅಕ್ಕನ ಹ್ಞೂಂ ಲೆಕ್ಕಕ್ಕಿಲ್ಲ. ಊಟ ಬೇಡವೇ ಅಂದರೂ ಹ್ಞೂಂ. ಮೆದುಳು ಎಂಬ ಪದವೇ ಅವಳಲ್ಲಿ ಉಳಿದಿಲ್ಲ. ಇನ್ನು ಕೇಳುವುದಿಲ್ಲ.

ನವೆಂಬರ್ 9, ಜಮಖಂಡಿ, ಬೆಳಿಗ್ಗೆ
ನ್ಯುಮೋನಿಯಾ. ಅಕ್ಕ ಹೋದಳು.
ಮೆದುಳಿನ ಮಾತು ನಾನು ಎತ್ತಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ನೀಲಕಂಠನೇ ಬಂದು ಪಕ್ಕದಲ್ಲಿ ಕೂತ.
"ತಗದ್ರ ಮಾರಿ ಕೆಡತೈತೇನ?"
"ಇಲ್ಲಪ್ಪಾ. ಹೊಲಿಗಿ ಕೂದಲದಾಗ ಬರ್ತೈತಿ. ಕಾಣಂಗಿಲ್ಲ."
"ಯಾರು ತಗೀತಾರ?"
"ಪೂರ್ಣಿಮಾ. ನನ್ನ ಕೈಯಾಗ ಕಲತಾಕಿ."
ತಲೆ ಅಲ್ಲಾಡಿಸಿದ. "ಬ್ಯಾರೇದವರು ಬ್ಯಾಡ. ನೀನ ತಗಿ."

ನವೆಂಬರ್ 10
ಬೀಳಗಿ ದಾಟಿ, ಆಂಬ್ಯುಲೆನ್ಸಿನಲ್ಲಿ ಅಕ್ಕನನ್ನು ಬಾಗಲಕೋಟೆಯ ವಿಭಾಗಕ್ಕೆ ತಂದೆವು. ಮೇಜಿನ ಮುಂದೆ ಕೈ ನಡುಗಲಿಲ್ಲ. ನನಗೇ ಭಯವಾಯಿತು, ನಡುಗದ ಕೈ ನೋಡಿ. ಮುಗಿದ ಮೇಲೆ ಪೂರ್ಣಿಮಾ ಅಕ್ಕನ ಕೂದಲು ತೊಳೆದು ಹೆರಳು ಹಾಕಿದಳು. ಆಗ ಅತ್ತೆ.
ಸಂಜೆ ಬನಹಟ್ಟಿಯಲ್ಲಿ ಮಣ್ಣಾಯಿತು.

ಡಿಸೆಂಬರ್ 1
ಫಾರ್ಮಲಿನ್‌ನಿಂದ ಅಕ್ಕನ ಮೆದುಳು ತೆಗೆದು ನೋಡಿ ಆಯಿತು. ಎಡಗಡೆಯ ತುದಿ ಒಣ ಅಂಜೂರದಂತೆ. ಹೇಳಲೆಂದು ಬನಹಟ್ಟಿಗೆ ಬಂದಿದ್ದೇನೆ. ನೀಲಕಂಠ ಎಲ್ಲ ಕೇಳಿಸಿಕೊಂಡ.
"ಕಡೀಕ ನನಗ ಅಣ್ಣಾ ಅಂತಿದ್ಲು. ನನ್ನ ಹೆಸರ ಎಲ್ಲಿತ್ತ ಚಿಗವ್ವಾ?"
ಒಂದು ಹೆಸರಿಗೆ ಇಂಥದೇ ಜಾಗ ಎಂದಿರುವುದಿಲ್ಲ. ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಅವನ ಎಡಗಿವಿಯ ಮುಂದೆ, ಕೂದಲು ಶುರುವಾಗುವಲ್ಲಿ ಬೆರಳಿಟ್ಟೆ. "ಇಲ್ಲಿ."
ಕಣ್ಣು ಮುಚ್ಚಿದ. ಬೆರಳಡಿ ನಾಡಿ ಬಡಿಯುತ್ತಿತ್ತು. ತೆಗೆಯಲು ಹೋದೆ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟ.
"ಇರ್ಲಿ. ಇನ್ನೊಂದೀಟ..."
ಒಳಗಿನಿಂದ ಅವನ ಹೆಂಡತಿ ವೈಶಾಲಿ ಊಟಕ್ಕೆ ಕರೆದಳು. ನಾವಿಬ್ಬರೂ ಏಳಲಿಲ್ಲ.