ಫುಟ್‌ಪಾತಿನ ಮೇಲೆ ನಮ್ಮ ಕಾರು

ಪರೇಲ್, ಭಾನುವಾರ

ಸುಂದ್ರವ್ವ ಅಕ್ಕನವರಿಗೆ ಶುಭಾಂಗಿಯ ನಮಸ್ಕಾರ.

ವಿಲೆ ಪಾರ್ಲೆಯಲ್ಲಿ ನಿಮ್ಮ ಯಜಮಾನರಾದ ನಿಂಗಣ್ಣನವರನ್ನು ಹೊಡೆದವರ ಹೆಂಡತಿ ನಾನು. ನಾಳೆ ನನ್ನ ಗಂಡ ಆಸ್ಪತ್ರೆಗೆ ಬಂದು, ದೂರು ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಿಮಗೆ ಕೈಮುಗಿಯುತ್ತಾರೆ. ದಯವಿಟ್ಟು ಒಪ್ಪಬೇಡಿ.

ನಿಂಗಣ್ಣನವರೇ ಮೊದಲು ಕೈ ಮಾಡಿದರೆಂದು ಅವರು ಪೊಲೀಸರಿಗೆ ಹೇಳಿದ್ದಾರೆ. ಅದು ಸುಳ್ಳು. ನಾನು ಕಾರಿನಲ್ಲೇ ಇದ್ದೆ. ನಮ್ಮ ಕಾರು ಇಡೀ ಫುಟ್‌ಪಾತಿಗೆ ಅಡ್ಡ ನಿಂತಿತ್ತು. ಊರುಗೋಲು ಊರಿಕೊಂಡು ಬಂದ ನಿಂಗಣ್ಣನವರು ನಮ್ಮ ಕನ್ನಡ ಕೇಳಿ ನಕ್ಕು, "ಸ್ವಲ್ಪ ಹಿಂದ ತಗೀರಿ ಸಾಹೇಬ್ರ, ಕೆಳಗ ಇಳದ್ರ ಬಸ್ ಬರಾಕತ್ತಾವು" ಎಂದರು. ಅಷ್ಟೇ. ನನ್ನ ಗಂಡ ಇಳಿದವರೇ ಊರುಗೋಲು ಕಿತ್ತುಕೊಂಡರು. ಕೆಳಗೆ ಬಿದ್ದವರ ಕಾಲಿಗೆ, ಆಮೇಲೆ ತಲೆಗೆ, ಆ ಕೋಲು ಮುರಿಯುವವರೆಗೂ ಹೊಡೆದರು. ತಡೆಯಲು ಹೋದ ನನ್ನ ಮೈಮೇಲೂ ರಕ್ತ ಸಿಡಿಯಿತು.

ಮನೆಗೆ ಬಂದು, "ಫುಟ್‌ಪಾತ್ ಮ್ಯಾಲ ಗಾಡಿ ಹಚ್ಚೋದು ಗುನ್ನೆ ಏನು? ದಂಡ ಕಟ್ಟಿದ್ರ ಮುಗೀತು" ಎಂದರು. ಗುನ್ನೆಯೇ, ಅಕ್ಕಾ. ಕುಂಟುತ್ತಾ ಬರುವವರನ್ನು ಬಸ್ಸಿನ ಎದುರಿಗೆ ಇಳಿಸುವುದು ಗುನ್ನೆಯಲ್ಲದೆ ಇನ್ನೇನು? ಹೊಡೆದದ್ದರ ಜೊತೆ ಇದನ್ನೂ ಬರೆಸುತ್ತೇನೆ.

ನಮ್ಮ ಮನೆಗೆ ಫೋನ್ ಮಾಡಬೇಡಿ; ನಾನೀಗ ನನ್ನ ಅಕ್ಕನ ಮನೆಯಲ್ಲಿದ್ದೇನೆ, ಈ ಪತ್ರವನ್ನು ಅವಳ ಮಗನ ಕೈಯಲ್ಲಿ ಇವತ್ತೇ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ಮಂಗಳವಾರ ಬೆಳಿಗ್ಗೆ ಠಾಣೆಗೆ ಬರುತ್ತೇನೆ, ನೀವೂ ಬನ್ನಿ. ನನ್ನ ಮುಖ ನೋಡಿ ಗಾಬರಿಯಾಗಬೇಡಿ. ಇದನ್ನು ಎರಡು ಸಲ ಬರೆಯಬೇಕಾಯಿತು. ಮೊದಲನೆಯದು ಅವರ ಕೈಗೆ ಸಿಕ್ಕಿತು.

ಇಂತಿ,
ಶುಭಾಂಗಿ