ಕೊಸರಿನ ಮೇಲೊಂದು ಕೊಸರು

ಮ್ಯೊಂಗ್‌ದಾಂಗ್, ಸೋಲ್
ಅಕ್ಟೋಬರ್ ೧೪

ನನ್ನ ಹಠಮಾರಿ ಹ್ಯೇರಾನ್‌ಗೆ,

ಹೇಗಿದ್ದೀಯ? ಸಿಡ್ನಿಯಲ್ಲಿ ಈಗ ಬಿಸಿಲೇರುವ ಕಾಲವಲ್ಲವೇ. ಹೊಸ ವರ್ಷಕ್ಕೆ ನೀನು ಕಳಿಸಿದ ಎರಡು ಸಾಲಿನ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೇಸರಪಡಬೇಡ. ಎರಡು ಸಾಲಿಗೆ ಏನು ಉತ್ತರ ಬರೆಯುವುದು ಎಂದು ಯೋಚಿಸುವುದರಲ್ಲೇ ದಿನ ಹೋಯಿತು.

ಅಂಗಡಿಯಲ್ಲಿ ನನಗೆ ತಲೆ ಚಿಟ್ಟು ಹಿಡಿದುಹೋಗಿದೆ. ಬಾಗಿಲು ತೆಗೆಯುವ ಮೊದಲೇ ಪ್ರವಾಸಿಗರು ಫೋನು ಹಿಡಿದು ನಿಂತಿರುತ್ತಾರೆ. ಅದರಲ್ಲಿರುವ ಯಾವಳೋ ಹುಡುಗಿಯ ಮುಖ ತೋರಿಸಿ, ಇದೇ ಬೇಕು ಅನ್ನುತ್ತಾರೆ. ಕ್ರೀಮು ಕೊಡಬಹುದು, ಮುಖ ಎಲ್ಲಿಂದ ತರಲಿ? ಲಿಪ್‌ಸ್ಟಿಕ್ಕನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಗೀಚಿಕೊಂಡು, ನಮ್ಮದೇ ಹತ್ತಿಯಲ್ಲಿ ಒರೆಸಿಕೊಂಡು, ಏನೂ ಕೊಳ್ಳದೆ ಹೋಗುತ್ತಾರೆ. ಬಸವನಹುಳುವಿನ ಲೋಳೆಯ ಕ್ರೀಮನ್ನು ಮೂಸಿ ಮುಖ ಸಿಂಡರಿಸುತ್ತಾರೆ, ಆಮೇಲೆ ಅದನ್ನೇ ಬುಟ್ಟಿ ತುಂಬ ಒಯ್ಯುತ್ತಾರೆ. ಮ್ಯಾನೇಜರು ನಿನ್ನ ವಯಸ್ಸಿನವಳು, ನಗುತ್ತಲೇ ಇರಬೇಕು ಎಂದು ನನಗೇ ಪಾಠ ಹೇಳುತ್ತಾಳೆ. ನಕ್ಕು ನಕ್ಕು ದವಡೆ ನೋಯುತ್ತದೆ. ಮನೆಗೆ ಹೋಗುವಷ್ಟರಲ್ಲಿ ಬಾಂಗ್ ಅವರು ಮೊಳಕೆಕಾಳಿನ ಸಾರು ಬಿಸಿ ಮಾಡಿಟ್ಟಿರುತ್ತಾರೆ. ಅವರ ಹೆಸರು ಬಂತೆಂದು ಕಾಗದ ಮಡಚಿಡಬೇಡ, ಮುಂದೆ ಓದು.

ಹೋದ ಗುರುವಾರ ಒಬ್ಬಳು ಬಂದಳು. ಎತ್ತರದವಳು, ಗುಂಗುರು ಕೂದಲು, ಚೆಂದದ ಕಂದು ಬಣ್ಣ. ಮುಖಕ್ಕೆ ಬಣ್ಣ ಒತ್ತಿಕೊಳ್ಳುವ ಕುಶನ್ ಡಬ್ಬಿ, ಇಪ್ಪತ್ತೊಂದನೇ ನಂಬರಿನದು ಬೇಕಂತೆ. ನಮ್ಮ ಅಂಗಡಿಯಲ್ಲಿ ಮುಖದ ಬಣ್ಣಕ್ಕೆ ಇರುವುದೇ ಮೂರು ನಂಬರು: ಹದಿಮೂರು ಬಿಳಿಚಿದವರಿಗೆ, ಇಪ್ಪತ್ತೊಂದು ತಿಳಿಬಣ್ಣದವರಿಗೆ, ಇಪ್ಪತ್ತಮೂರು ತುಸು ಗಾಢದವರಿಗೆ. ಅವಳಿಗೆ ಹೊಂದುವುದು ಒಂದೂ ಇಲ್ಲ, ಅದು ನಮ್ಮವರ ತಪ್ಪು. ಆದರೂ ಇಪ್ಪತ್ತೊಂದೇ? ಹಿಟ್ಟು ಮೆತ್ತಿಕೊಂಡ ಹಾಗೆ ಕಾಣುತ್ತೀಯ ಎಂದು ಕೆನ್ನೆಗೆ ಚೂರು ಹಚ್ಚಿ ಕನ್ನಡಿ ಹಿಡಿದೆ. ಅವಳ ಪರವಾಗಿ ಅವಳ ಫೋನು ನಮ್ಮ ಭಾಷೆಯಲ್ಲಿ ಮಾತಾಡಿತು: "ಗೌರವಾನ್ವಿತ ಮಾರಾಟಗಾರ್ತಿಯವರೇ, ಇಪ್ಪತ್ತೊಂದನ್ನೇ ದಯಪಾಲಿಸಿ."

ನಾನು ಬೇಡವೆಂದಷ್ಟೂ ಸಲ ದಯಪಾಲಿಸಿ, ದಯಪಾಲಿಸಿ. ಎಣ್ಣೆ ಜಿನುಗುವ ಮುಖ ಅವಳದು, ಕೇಳಿದ್ದು ಒಣಚರ್ಮದ ಕ್ರೀಮು. ಹಾಳಾಗಿ ಹೋಗಲಿ ಎಂದು ಕಟ್ಟಿಕೊಟ್ಟೆ. ತೆರಿಗೆ ಕಳೆಯಲು ಪಾಸ್‌ಪೋರ್ಟ್ ಇಸಿದುಕೊಂಡು ನೋಡಿದರೆ ಆಸ್ಟ್ರೇಲಿಯಾದವಳು.

ಚೀಲ ಕೈಗಿಡುವಾಗ ಅವಳು ಫೋನನ್ನು ಜೇಬಿಗೆ ಹಾಕಿ, ತನ್ನದೇ ಬಾಯಲ್ಲಿ ನಮ್ಮ ಮಾತಾಡಿದಳು.

"ಚಿಕ್ಕಮ್ಮಾ, ಕೊಸರಿನ ಮೇಲೊಂದು ಕೊಸರು ಹಾಕಿ."

ಪ್ರವಾಸಿಗರು ಸ್ಯಾಂಪಲ್ ಅನ್ನುತ್ತಾರೆ. ನಮ್ಮ ಎಳೆಯರು ಸರ್ವಿಸ್ ಅನ್ನುತ್ತಾರೆ. ಕೊಸರು ಅನ್ನುವವರು ಸಂತೆಯ ಮುದುಕಿಯರು ಮಾತ್ರ. ಇನ್ನು ಕೊಸರಿನ ಮೇಲೊಂದು ಕೊಸರು ಅನ್ನುತ್ತಿದ್ದವಳು ಲೋಕದಲ್ಲೇ ಒಬ್ಬಳು. ಮೊಕ್ಪೊ ಸಂತೆಯಲ್ಲಿ ಅಜ್ಜಿಯ ಮೊಳಕೆಬುಟ್ಟಿಯ ಪಕ್ಕ ಕೂತು, ಅಜ್ಜಿ ಹಾಕಿದ್ದರ ಮೇಲೆ ತನ್ನ ಪುಟ್ಟ ಮುಷ್ಟಿಯದನ್ನೂ ಸುರಿದು ಬೈಸಿಕೊಳ್ಳುತ್ತಿದ್ದವಳು. ರಾಗವೂ ಅದೇ, ಕೊನೆಯಲ್ಲಿ ಎಳೆಯುವ ರಾಗ.

ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಗೆಳತಿ ಎಂದವಳು ನಾಲಿಗೆ ಕಚ್ಚಿಕೊಂಡು ಬೀದಿಯ ಕಡೆ ನೋಡಿದಳು. ಮ್ಯಾನೇಜರು ಕಣ್ಣು ಬಿಡುತ್ತಿದ್ದರೂ ಒಣಚರ್ಮದ ಪುಟ್ಟ ಪೊಟ್ಟಣಗಳನ್ನು ಎರಡೂ ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿದೆ. ನಿನಗೆ ಸಿಕ್ಕಿರಬೇಕು.

ರಾತ್ರಿ ಮುಖ ತೊಳೆಯದೆ ಮಲಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ,
ಛಾ ಓಕ್‌ಬುನ್

ಇನ್ನೊಂದು ಮಾತು: ನಾನು ಬಾಂಗ್ ಅವರನ್ನು ಮದುವೆಯಾದಾಗ, "ಇನ್ನು ನಿನ್ನ ಮುಖ ನೋಡಲ್ಲ" ಅಂತ ವಿಮಾನ ಹತ್ತಿದವಳು ನೀನು. ಆ ಹುಡುಗಿ ಹೊರಗೆ ಹೋದ ಮೇಲೆ ನಾನು ಅಂಗಡಿಯ ಗಾಜು ಒರೆಸಲು ನಿಂತೆ. ಗಾಜು ಚೊಕ್ಕಟವಾಗಿಯೇ ಇತ್ತು. ನೇರ ನೋಡಿದರೆ ಬೀದಿಯಾಚೆ ನಿಂತ ನೀನು ಹೊರಟುಬಿಡುತ್ತೀಯ ಎಂದು, ನನ್ನನ್ನು ನೋಡುವಷ್ಟು ಹೊತ್ತು ನೋಡಿಕೋ ಎಂದು, ಒರೆಸಿದ್ದನ್ನೇ ಒರೆಸಿದೆ. ಒಂದೇ ಒಂದು ಸಲ ಓರೆಗಣ್ಣಲ್ಲಿ ನಾನೂ ನೋಡಿದೆ. ಬಿಸಿಲಿಗೆ ಕಪ್ಪಾಗಿದ್ದೀಯ. ಆ ಕುಶನ್ ನಿನಗೆ ಹೊಂದುವುದಿಲ್ಲ, ಮಗಳೇ, ನಿನ್ನದು ಈಗ ಇಪ್ಪತ್ತಮೂರು. ಬದಲಿಸಿಕೊಳ್ಳಲು ಗೆಳತಿಯನ್ನು ಕಳಿಸಬೇಡ.